ವೇಲ್ಯಾಂಡ್‌ನಲ್ಲಿ ತೊಡಕೇ? ಲಾಗಿನ್ ಪರದೆಯಲ್ಲೇ ಎಕ್ಸ್11 ಆರಿಸಿ
ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಯ ಮೇಲೆ ತೋರಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್, ಹಳೆಯದು ಎಕ್ಸ್11. ಲಿನಕ್ಸ್‌ನ ಉಬುಂಟು 24.04ರಲ್ಲಿ ತಾವಾಗಿ ಕೀಲಿ ಒತ್ತುವ ಸ್ಕ್ರಿಪ್ಟ್‌ಗಳೋ ಹಳೆಯ ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶವೋ ಕೈಕೊಟ್ಟರೆ, ಲಾಗ್‌ಔಟ್ ಆಗಿ, ನಿಮ್ಮ ಹೆಸರಿನ ಮೇಲೆ ಒತ್ತಿ, ಬಲಗಡೆ ಕೆಳಮೂಲೆಯ ಹಲ್ಲುಚಕ್ರದ ಗುರುತಿನಲ್ಲಿ ‘ಉಬುಂಟು ಆನ್ ಎಕ್ಸ್‌ಆರ್ಗ್’ (ಎಕ್ಸ್11 ಎಂದರೆ ಇದೇ) ಆರಿಸಿ, ಪಾಸ್‌ವರ್ಡ್ ಕೊಡಿ. (ಹೆಸರು ಒತ್ತುವವರೆಗೆ ಆ ಚಕ್ರ ಕಾಣುವುದೇ ಇಲ್ಲ.) ಎಕ್ಸ್11ನಲ್ಲಿ ಒಂದು ತಂತ್ರಾಂಶ ಇನ್ನೊಂದರ ವಿಂಡೋವನ್ನು ನೋಡಬಹುದು, ಅದಕ್ಕೆ ಕೀಲಿಗಳನ್ನೂ ಕಳುಹಿಸಬಹುದು, ವೇಲ್ಯಾಂಡ್ ಸುರಕ್ಷತೆಗಾಗಿ ಅದನ್ನು ತಡೆಯುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ದಯವಿಟ್ಟು ವೇಲ್ಯಾಂಡ್‌ಗೇ ಮರಳಿ. ನೀವಾಗಿ ಬದಲಿಸುವವರೆಗೆ ಹಿಂದಿನ ಆಯ್ಕೆಯೇ ಮುಂದುವರಿಯುತ್ತದೆ. ಲ್ಯಾಪ್‌ಟಾಪಿಗೂ ಹೊರಗಿನ ಮಾನಿಟರಿಗೂ ಬೇರೆ ಬೇರೆ ಸ್ಕೇಲಿಂಗ್ (ಪರದೆಯಲ್ಲಿ ಅಕ್ಷರ, ಚಿತ್ರಗಳ ಗಾತ್ರ) ಬೇಕಿದ್ದರಂತೂ ವೇಲ್ಯಾಂಡೇ ಮೇಲು. ಉಬುಂಟು 25.10ರ ಮೂಲ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಈ ಎಕ್ಸ್11 ಆಯ್ಕೆಯನ್ನೇ ತೆಗೆದಿದ್ದಾರೆ. ಅಲ್ಲಿ ಎಕ್ಸ್11 ಬೇಕೇ ಬೇಕೆಂದರೆ ಎಕ್ಸ್‌ಎಫ್‌ಸಿಇಯಂತಹ ಬೇರೆ ಡೆಸ್ಕ್‌ಟಾಪ್ ಹಾಕಿಕೊಳ್ಳಬೇಕು.