ಹಾಸನದಲ್ಲಿದ್ದು ಕಡಿಮೆ ದುಡ್ಡಿಗೆ ಟಿಟಿ ಬೈಕ್ ಆರಿಸಿಕೊಂಡ ಬಗೆ

ಟೈಮ್ ಟ್ರಯಲ್‌ನಲ್ಲಿ (ಚಿಕ್ಕದಾಗಿ ಟಿಟಿ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸೈಕಲ್ ರೇಸ್) ಯಾರ ಹಿಂದೆಯೂ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 35 ಕಿ.ಮೀ. ದಾಟಿದರೆ ಕಾಲಿನ ಬಲದ ಬಹುಪಾಲು ಗಾಳಿಗೇ ಹೋಗುತ್ತದೆ. 35ರಿಂದ 40ಕ್ಕೆ ಏರಬೇಕಾದರೆ ಗಾಳಿಯೊಂದಕ್ಕೇ ಹತ್ತಿರಹತ್ತಿರ ಒಂದೂವರೆ ಪಟ್ಟು ಶಕ್ತಿ ಬೇಕು. ಆ ಗಾಳಿಯನ್ನು ತಡೆಯುವುದು ಸೈಕಲ್ಲಿಗಿಂತ ಜಾಸ್ತಿ ನಮ್ಮ ಮೈ. ಹಾಗಾಗಿ ನಾನು ಹುಡುಕಿದ್ದು ಮೈ ತಗ್ಗಿಸಿ, ಹಾಗೇ ಪೂರ್ತಿ ರೇಸ್ ಓಡಿಸಲು ಬಿಡುವ ಸೈಕಲ್ಲನ್ನು. ತೂಕ, ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ.

ಮೊದಲ ಸೀಸನ್ ಇದ್ದ ರೋಡ್ ಬೈಕಿಗೇ ಕ್ಲಿಪ್-ಆನ್ ಏರೋ ಬಾರ್ (ಮೊಣಕೈ ಊರಿ, ಬಗ್ಗಿ ಹಿಡಿಯಲು ಹ್ಯಾಂಡಲ್ಲಿಗೆ ಸಿಕ್ಕಿಸುವ ಕೊಂಬು) ಹಾಕಿಸಿ ಓಡಿಸಿದೆ. ಹೊಸಬರು ಹೀಗೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ 24.5 ಕಿ.ಮೀ. ಟೈಮ್ ಟ್ರಯಲ್ ಇತ್ತು. ಅಮೆರಿಕದ ಗ್ರೆಗ್ ಲೆಮಾಂಡ್ ಮೊದಲ ಸ್ಥಾನದಲ್ಲಿದ್ದವರಿಗಿಂತ 50 ಸೆಕೆಂಡ್ ಹಿಂದಿದ್ದರು. ಏರೋ ಬಾರ್ ಹಿಡಿದು ಓಡಿಸಿ, ಇಡೀ ಟೂರನ್ನು 8 ಸೆಕೆಂಡಿನಲ್ಲಿ ಗೆದ್ದರು. ಎದುರಾಳಿ ಫಿನ್ಯೋನ್ ಸೈಕಲ್ಲಿಗೆ ಅದು ಇರಲಿಲ್ಲ.

ರೋಡ್ ಬೈಕಿಗೆ ಒಂದು ಮಿತಿ ಇದೆ. ಅದರ ಸೀಟ್ ಟ್ಯೂಬ್ (ಸೀಟು ಕೂರುವ ಕೊಳವೆ) ನೆಲಕ್ಕೆ ಸುಮಾರು 73 ಡಿಗ್ರಿ ಕೋನದಲ್ಲಿ ಹಿಂದಕ್ಕೆ ವಾಲಿರುತ್ತದೆ. ಜಾಸ್ತಿ ಬಗ್ಗಿದರೆ ಮೊಣಕಾಲು ಹೊಟ್ಟೆಗೆ ಒತ್ತುತ್ತದೆ, ಪೆಡಲ್ ಮೇಲೆ ಬಲ ಬೀಳುವುದಿಲ್ಲ. ಟಿಟಿ ಫ್ರೇಮಿನಲ್ಲಿ ಇದು 76-78 ಡಿಗ್ರಿ, ಇನ್ನೂ ನೆಟ್ಟಗೆ. ಸೊಂಟವೇ ಮುಂದಕ್ಕೆ ಬರುತ್ತದೆ, ಕಾಲಿಗೆ ಜಾಗ ಸಿಗುತ್ತದೆ. ನಾನು ಟಿಟಿ ಬೈಕಿಗೆ ದುಡ್ಡು ಹಾಕಿದ್ದು ಈ ಒಂದು ಕಾರಣಕ್ಕೆ.

ಬಜೆಟ್ ಒಂದು ಲಕ್ಷದೊಳಗೆ. ಅಷ್ಟಕ್ಕೆ ಸೆಕೆಂಡ್ ಹ್ಯಾಂಡೇ ಗತಿ, ಅದೂ ಬೆಂಗಳೂರಿನಿಂದ. ಎಲ್ಲರೂ ಡಿಸ್ಕ್ ಬ್ರೇಕಿನ ಹಿಂದೆ ಹೋಗಿರುವುದರಿಂದ ರಿಮ್ ಬ್ರೇಕಿನ (ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ಬ್ರೇಕ್) ಒಳ್ಳೆ ಫ್ರೇಮುಗಳು ಅಗ್ಗವಾಗಿವೆ. ಟೈಮ್ ಟ್ರಯಲ್‌ನಲ್ಲಿ ಬ್ರೇಕ್ ಹಿಡಿಯುವುದೇ ಕಡಿಮೆ ಅಲ್ವಾ? ನನಗೆ ರಿಮ್ ಬ್ರೇಕ್ ಧಾರಾಳವಾಗಿ ಸಾಕು.

ಹಾಸನದಲ್ಲಿ ಇರುವವರಿಗೆ ಬಿಡಿಭಾಗದ ಯೋಚನೆ ಬಹಳ ಮುಖ್ಯ. ಕೆಲವು ಫ್ರೇಮುಗಳಲ್ಲಿ ಬ್ರೇಕ್ ಫೋರ್ಕಿನೊಳಗೆ (ಮುಂದಿನ ಚಕ್ರ ಹಿಡಿಯುವ ಕವಲು) ಅಥವಾ ಪೆಡಲಿನ ಕೆಳಗೆ ಅಡಗಿರುತ್ತದೆ, ಸ್ಟೆಮ್ (ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸುವ ತುಂಡು) ಆ ಕಂಪನಿಯದೇ ಆಗಬೇಕು. ನೋಡಲು ಚೆಂದ. ಒಂದು ತುಂಡು ಹೋದರೆ ಸೈಕಲ್ ತಿಂಗಳುಗಟ್ಟಲೆ ಗೋಡೆಗೆ ಒರಗಿರುತ್ತದೆ. ಅಂಥವನ್ನೆಲ್ಲ ಕೈಬಿಟ್ಟೆ. ಮಾಮೂಲಿ ಸ್ಟೆಮ್, ಮಾಮೂಲಿ ಬ್ರೇಕ್, ಕೇಬಲ್ ಗೇರ್ ಇರುವುದನ್ನೇ ಹುಡುಕಿದೆ. ಏನಾದರೂ ಕೆಟ್ಟರೆ ಬೆಂಗಳೂರಿನಿಂದ ಬಸ್ಸಿನಲ್ಲಿ ಪಾರ್ಸೆಲ್ ಬರುತ್ತದೆ, ನಾನೇ ಕೂರಿಸುತ್ತೇನೆ.

ಅಳತೆಯ ವಿಷಯದಲ್ಲಿ ರಾಜಿ ಬೇಡ. ಕ್ಲಿಪ್-ಆನ್ ಹಾಕಿದ್ದ ಸೈಕಲ್ಲಿನಲ್ಲಿ ನನ್ನ ಮೊಣಕೈ ಎಲ್ಲಿ ಕೂರುತ್ತಿತ್ತು ಅಂತ ಮೊದಲೇ ಬರೆದಿಟ್ಟುಕೊಂಡಿದ್ದೆ. ಫ್ರೇಮಿನ ಸ್ಟ್ಯಾಕ್, ಅಂದರೆ ಪೆಡಲ್ ಅಚ್ಚಿನ ನಡುವಿನಿಂದ ಹೆಡ್ ಟ್ಯೂಬಿನ (ಫ್ರೇಮಿನ ಮುಂದಿನ ಕೊಳವೆ) ಮೇಲ್ತುದಿಯವರೆಗಿನ ಎತ್ತರ, ಮತ್ತು ರೀಚ್, ಅಂದರೆ ಅದೇ ಎರಡು ಜಾಗಗಳ ನಡುವಿನ ಅಡ್ಡ ದೂರ. ಇವೆರಡೂ ಹೊಂದದಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಮುಂದಿನ ಸೈಕಲ್ ನೋಡುತ್ತಿದ್ದೆ.

ಸೆಕೆಂಡ್ ಹ್ಯಾಂಡ್ ಟಿಟಿ ಬೈಕಿನಲ್ಲಿ ಬೆವರಿನ ಕಾಟ ಜಾಸ್ತಿ. ತಲೆ ನೇರ ಹ್ಯಾಂಡಲ್ ಮೇಲೇ ಇರುತ್ತದೆ, ಉಪ್ಪು ನೀರು ಅಲ್ಲೇ ಸುರಿಯುತ್ತದೆ. ಮನೆಯೊಳಗೆ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಓಡಿಸಿದ್ದರಂತೂ ಇನ್ನೂ ಕಷ್ಟ. ಅಲ್ಯೂಮಿನಿಯಂ ಹ್ಯಾಂಡಲ್ ಟೇಪಿನ ಒಳಗೇ ಪುಡಿಯಾಗಿರುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. "ಸಾರ್, ಟೇಪ್ ಬಿಚ್ಚಿ ನೋಡ್ಬಹುದಾ?" ಅಂತ ಕೇಳಿಯೇ ಮುಂದಿನ ಮಾತು. ಸ್ಟೆಮ್ ಬೋಲ್ಟ್ ಸಲೀಸಾಗಿ ತಿರುಗಬೇಕು. ಸೀಟ್ ಪೋಸ್ಟ್ ಹೊರತೆಗೆದು, ಬಿಗಿಯುವ ಜಾಗದಲ್ಲಿ ಕಾರ್ಬನ್ ಬಿರುಕು ಬಿಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡಬೇಕು.

ಗಾಳಿ ಸೀಳಲು ಹಾಕುವ ಎತ್ತರದ ರಿಮ್ಮಿನ ಚಕ್ರ ಕೊಳ್ಳಲಿಲ್ಲ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಬೀಸುವ ಗಾಳಿ ಅರಸೀಕೆರೆ ರಸ್ತೆಯಲ್ಲಿ ಪಕ್ಕದಿಂದ ಹೊಡೆಯುತ್ತದೆ. ಅಂಥ ಚಕ್ರ ಮುಂದೆ ಇದ್ದರೆ ಏರೋ ಬಾರ್ ಬಿಟ್ಟು ಎದ್ದು ಕೂರಬೇಕಾಗುತ್ತದೆ. ಆ ದುಡ್ಡನ್ನು ಒಳ್ಳೆ ಟೈಯರ್, ಲ್ಯಾಟೆಕ್ಸ್ ಟ್ಯೂಬ್, ಮೈಗಂಟುವ ಸೂಟಿಗೆ ಹಾಕಿದೆ. ಅಭ್ಯಾಸಕ್ಕೆ ಹೆದ್ದಾರಿ 75 ಬೇಡ. ಏರೋ ಬಾರ್ ಮೇಲೆ ಬ್ರೇಕ್ ಇರುವುದಿಲ್ಲ, ಲಾರಿ ಅಡ್ಡ ಬಂದರೆ ಕೈ ಬದಲಿಸುವಷ್ಟು ಹೊತ್ತೂ ಸಿಗುವುದಿಲ್ಲ. ಬೆಳಗಿನ ಹೊತ್ತು ಗೊರೂರು ರಸ್ತೆ ವಾಸಿ.

ಸದ್ಯ ಕ್ರ್ಯಾಂಕ್ (ಪೆಡಲ್ ಕೂರಿಸುವ ತೋಳು) 172.5 ಮಿ.ಮೀ. ಉದ್ದ ಇದೆ. ಅದನ್ನು ತೆಗೆದು 165 ಹಾಕಿಸುತ್ತಿದ್ದೇನೆ. ಮೊಣಕಾಲು ಅಷ್ಟು ಕಡಿಮೆ ಮೇಲೆ ಬರುತ್ತದೆ, ಮೊಣಕೈ ಪ್ಯಾಡನ್ನು ಇನ್ನೊಂದಿಷ್ಟು ಇಳಿಸಬಹುದು.