ಚಿಂಕ್ವೆ ತೆರ್ರೆ: ಮಕ್ಕಳೊಂದಿಗೆ ಹೋಗುವವರು ಕೈಗೆಟುಕುವ ಮನೆ ಹುಡುಕುವುದು ಹೇಗೆ?

ಇಟಲಿಯ ಲಿಗುರಿಯಾ ಕರಾವಳಿಯಲ್ಲಿ, ಬೆಟ್ಟ ಮತ್ತು ಕಡಲಿನ ನಡುವೆ, ಒಟ್ಟಾಗಿ ಚಿಂಕ್ವೆ ತೆರ್ರೆ ಎಂದು ಕರೆಯುವ ಐದು ಪುಟ್ಟ ಊರುಗಳಿವೆ: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲಿಯಾ, ಮನರೋಲಾ, ರಿಯೊಮಜೋರೆ. ಫೋಟೊ ನೋಡಿದವರು ನೇರವಾಗಿ ವೆರ್ನಾತ್ಸಾದಲ್ಲೋ ಮನರೋಲಾದಲ್ಲೋ ಕೋಣೆ ಹುಡುಕಲು ಕೂರುತ್ತಾರೆ. ಬಜೆಟ್ ಕೈತಪ್ಪುವುದು ಅಲ್ಲೇ. ಅಲ್ಲಿನ ಕೋಣೆಗಳು ಕಡಿಮೆ, ಇರುವವೂ ಹೆಚ್ಚಾಗಿ ಇಬ್ಬರಿಗೆ ಸಾಲುವಂಥವು. ನಾಲ್ವರಿದ್ದರೆ ಎರಡು ಕೋಣೆಯ ಬಾಡಿಗೆ ಕೊಡಬೇಕು.

1. ದಿನ ಗೊತ್ತುಮಾಡಿ. ಜುಲೈ, ಆಗಸ್ಟ್ ಬೇಡ. ಆಗಸ್ಟ್ 15 ಅಲ್ಲಿ ದೊಡ್ಡ ರಜಾದಿನ, ಅದರ ಆಸುಪಾಸಿನಲ್ಲಿ ಇಡೀ ಇಟಲಿಯೇ ಕಡಲ ದಂಡೆಗೆ ಇಳಿದಿರುತ್ತದೆ. ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಇಲ್ಲಿ ನಮಗೆ ಅನುಕೂಲ. ಈಸ್ಟರ್ ವಾರ, ಏಪ್ರಿಲ್ 25 ಮತ್ತು ಮೇ 1ರ ರಜೆಗಳನ್ನು ತಪ್ಪಿಸಿ, ಮೇ ತಿಂಗಳ ವಾರದ ದಿನಗಳನ್ನು ಹಿಡಿಯಿರಿ.

2. ಐದೂರುಗಳ ಹೊರಗೆ ಉಳಿಯಿರಿ. ಈ ಊರುಗಳನ್ನು ಜೋಡಿಸುವ ರೈಲು ಮಾರ್ಗದ ಒಂದು ತುದಿಯಲ್ಲಿ ಲಾ ಸ್ಪೆತ್ಸಿಯಾ, ಇನ್ನೊಂದು ತುದಿಯಲ್ಲಿ ಲೆವಾಂತೊ. ಲಾ ಸ್ಪೆತ್ಸಿಯಾದಿಂದ ರಿಯೊಮಜೋರೆಗೆ ಹತ್ತು ನಿಮಿಷವೂ ಬೇಡ. ಲೆವಾಂತೊದಿಂದ ಮೊಂತೆರೊಸ್ಸೊಗೆ ಅದಕ್ಕಿಂತಲೂ ಕಡಿಮೆ. ಲಾ ಸ್ಪೆತ್ಸಿಯಾ ನೌಕಾನೆಲೆಯ ದೊಡ್ಡ ಊರು. ಮನೆಗಳು ಬೇಕಾದಷ್ಟು, ಸೂಪರ್‌ಮಾರ್ಕೆಟ್‌ಗಳೂ ಇವೆ, ಆದರೆ ಊರೊಳಗೆ ಈಜುವ ದಂಡೆಯಿಲ್ಲ. ಚಿಕ್ಕ ಮಕ್ಕಳಿದ್ದರೆ ಲೆವಾಂತೊವೇ ಸರಿ. ಅಲ್ಲಿ ಮರಳ ದಂಡೆಯಿದೆ. ಹಳೆಯ ರೈಲು ಸುರಂಗಗಳೊಳಗೆ ಪಕ್ಕದೂರು ಬೊನಸ್ಸೋಲಾವರೆಗೆ ಹೋಗುವ ಸಮತಟ್ಟಾದ ಸೈಕಲ್ ದಾರಿಯೂ ಇದೆ. ಇನ್ನೂ ಅಗ್ಗ ಬೇಕೆಂದರೆ ಲೆವಾಂತೊದಿಂದ ಮುಂದಿರುವ ದೇಯಿವಾ ಮರೀನಾದ ಕ್ಯಾಂಪಿಂಗ್ ಜಾಗಗಳಲ್ಲಿ ‘ಬಂಗಲೊ’ ಎನ್ನುವ ಪುಟ್ಟ ಮನೆಗಳನ್ನು ನೋಡಿ.

ಐದೂರುಗಳಲ್ಲೇ ಇರಬೇಕೆಂಬ ಹಟವಿದ್ದರೆ ಮೊಂತೆರೊಸ್ಸೊ ಒಂದೇ ನನ್ನ ಶಿಫಾರಸು. ಅದರ ಫೆಜೀನಾ ಭಾಗ ಸಮತಟ್ಟು, ಎದುರಿಗೇ ದಂಡೆ. ಕೊರ್ನೀಲಿಯಾ ಅಗ್ಗವಾಗಿ ಕಂಡರೂ ಸೂಟ್‌ಕೇಸ್ ಇರುವವರಿಗಲ್ಲ: ನಿಲ್ದಾಣದಿಂದ ಊರಿಗೆ ಸುಮಾರು 380 ಮೆಟ್ಟಿಲು, ಇಲ್ಲವೇ ಬಸ್ಸಿಗೆ ಕಾಯಬೇಕು.

ರೈಲಿನ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ. ಪ್ರವಾಸಿ ಋತುವಿನಲ್ಲಿ ಈ ಮಾರ್ಗದ ಬಿಡಿ ಟಿಕೆಟ್ ದುಬಾರಿ, ಒಂದೇ ನಿಲ್ದಾಣದ ದೂರಕ್ಕೂ ಹಾಗೆಯೇ. ದಿನವಿಡೀ ಹತ್ತಿ ಇಳಿಯಬಹುದಾದ ಚಿಂಕ್ವೆ ತೆರ್ರೆ ರೈಲು ಕಾರ್ಡಿನಲ್ಲಿ ಕುಟುಂಬದ ದರವೂ ಇದೆ. ಮೂರು ಊರು ನೋಡುವ ದಿನ ಅದನ್ನೇ ಕೊಳ್ಳಿ.

3. ಜಾಹೀರಾತನ್ನು ಕೊನೆಯ ಸಾಲಿನವರೆಗೆ ಓದಿ. ಬಹುತೇಕರು ಎಡವುವ ಹಂತ ಇದು.

ಮೊದಲು ಬೆಲೆ. ಹುಡುಕಾಟದಲ್ಲಿ ‘ಇಬ್ಬರು’ ಎಂದು ಹಾಕಿ ಆಮೇಲೆ ಮಕ್ಕಳನ್ನು ಸೇರಿಸಬೇಡಿ. ಎಲ್ಲರನ್ನೂ ವಯಸ್ಸಿನೊಂದಿಗೆ ಮೊದಲೇ ಹಾಕಿ. ಬಾಡಿಗೆ ದಿನಕ್ಕೆ 90 ಯೂರೊ, ಸ್ವಚ್ಛತಾ ಶುಲ್ಕ 70 ಎಂದಿಟ್ಟುಕೊಳ್ಳಿ. ಎರಡು ರಾತ್ರಿಗೆ 250, ಅಂದರೆ ರಾತ್ರಿಗೆ 125. ಐದು ರಾತ್ರಿ ಉಳಿದರೆ 104ಕ್ಕೆ ಇಳಿಯುತ್ತದೆ. ಹಾಗಾಗಿ ಊರೂರು ಬದಲಿಸದೆ ಒಂದೇ ಮನೆಯಲ್ಲಿ ನಾಲ್ಕೈದು ರಾತ್ರಿ ಇರಿ. ಇದರ ಮೇಲೆ ತಲೆಗಿಷ್ಟು, ರಾತ್ರಿಗಿಷ್ಟು ಎಂದು ಪ್ರವಾಸಿ ತೆರಿಗೆ ಇದೆ, ಹಲವೆಡೆ ನಗದಾಗಿ ಕೇಳುತ್ತಾರೆ. ಯಾವ ವಯಸ್ಸಿನವರೆಗೆ ಮಕ್ಕಳಿಗೆ ವಿನಾಯಿತಿ ಎಂಬುದು ಊರಿಂದೂರಿಗೆ ಬೇರೆ.

ಆಮೇಲೆ ಹಾಸಿಗೆ. ‘ನಾಲ್ವರಿಗೆ’ ಎಂದಿದ್ದರೆ ಎರಡು ಮಂಚ ಎಂದು ನಂಬಬೇಡಿ. ‘ದಿವಾನೊ ಲೆತ್ತೊ’ ಎಂದಿದ್ದರೆ ಅದು ಬಿಡಿಸಿ ಮಲಗುವ ಸೋಫಾ, ಸಾಮಾನ್ಯವಾಗಿ ಅಡುಗೆಮನೆಯ ಪಕ್ಕದಲ್ಲೇ. ಮಕ್ಕಳಿಗೆ ಸಾಕು, ಅಜ್ಜ ಅಜ್ಜಿ ಬಂದಿದ್ದರೆ ಸಾಲದು.

ಮಹಡಿಯನ್ನು ಬರೆದು ಕೇಳಲೇಬೇಕು. ‘ತೆರ್ತ್ಸೊ ಪಿಯಾನೊ, ಸೆನ್ತ್ಸಾ ಅಶೆನ್ಸೋರೆ’ ಎಂದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಳೆಯ ಕಟ್ಟಡಗಳಲ್ಲಿ ಮಾಳಿಗೆ ಎತ್ತರ, ಮೆಟ್ಟಿಲು ಕಡಿದು. ಲಾ ಸ್ಪೆತ್ಸಿಯಾದಲ್ಲಂತೂ ‘ನಿಲ್ದಾಣಕ್ಕೆ 300 ಮೀಟರ್’ ಎಂಬುದು ಗುಡ್ಡ ಹತ್ತುವ 300 ಮೀಟರ್ ಆಗಿರಬಹುದು. ನಕ್ಷೆಯಲ್ಲಿ ಬೀದಿಯ ಚಿತ್ರ ತೆರೆದು ಬಾಗಿಲವರೆಗೆ ನಡೆದು ನೋಡಿ.

ಅಡುಗೆಮನೆ ಇರಲೇಬೇಕು, ಸಸ್ಯಾಹಾರಿಗಳಿಗಂತೂ ಉಳಿತಾಯದ ಮುಕ್ಕಾಲು ಪಾಲು ಅಲ್ಲೇ. ಒಲೆ ಇಂಡಕ್ಷನ್ನೋ ಗ್ಯಾಸೋ ಎಂದು ಕೇಳಿಕೊಳ್ಳಿ. ಇಂಡಕ್ಷನ್ ಆದರೆ ಮಾಮೂಲಿ ಅಲ್ಯುಮಿನಿಯಂ ಕುಕ್ಕರ್ ಕಾಯುವುದಿಲ್ಲ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಯ್ಯಿರಿ. ಇಟಲಿಯ ಮನೆಗಳ ವಿದ್ಯುತ್ ಸಂಪರ್ಕ ಸಾಮಾನ್ಯವಾಗಿ 3 ಕಿಲೊವ್ಯಾಟ್ ಮಾತ್ರ. ಒಲೆ, ಎಸಿ, ವಾಷಿಂಗ್ ಮಷಿನ್ ಒಟ್ಟಿಗೆ ಹಾಕಿದರೆ ಮನೆಯೇ ಕತ್ತಲು. ಮತ್ತೆ ಕರೆಂಟ್ ಹಾಕುವ ಮೇನ್ ಸ್ವಿಚ್ ಎಲ್ಲಿದೆಯೆಂದು ಕೀಲಿ ಪಡೆಯುವಾಗಲೇ ಕೇಳಿ. ಸಣ್ಣ ಗೀಸರ್ ಇದ್ದರೆ ನಾಲ್ಕನೆಯವರ ಸ್ನಾನಕ್ಕೆ ತಣ್ಣೀರೇ ಗತಿ, ಆದ್ದರಿಂದ ಅದು ಎಷ್ಟು ಲೀಟರಿನದು ಎಂಬ ಪ್ರಶ್ನೆಯೂ ಬೇಕು.

‘ವಿಸ್ತಾ ಮಾರೆ’ಗೆ, ಅಂದರೆ ಕಡಲ ನೋಟಕ್ಕೆ, ಒಂದು ಯೂರೊವನ್ನೂ ಹೆಚ್ಚು ಕೊಡಬೇಡಿ. ಹಗಲೆಲ್ಲ ನೀವು ಕಡಲ ಬಳಿಯೇ ಇರುತ್ತೀರಿ.

4. ಅಸಲಿಯೇ ಎಂದು ಪರೀಕ್ಷಿಸಿ. 2025ರ ಜನವರಿ 1ರಿಂದ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪ್ರತಿ ಮನೆಯ ಜಾಹೀರಾತಿನಲ್ಲೂ ಸಿಐಎನ್ ಎಂಬ ರಾಷ್ಟ್ರೀಯ ಗುರುತು ಸಂಖ್ಯೆ ಕಡ್ಡಾಯ. ಅದು ‘ಐಟಿ’ ಅಕ್ಷರಗಳಿಂದ ಶುರುವಾಗುತ್ತದೆ. ಸಂಖ್ಯೆ ಇಲ್ಲದಿದ್ದರೆ ಬಿಟ್ಟುಬಿಡಿ. ‘ಆ್ಯಪ್ ಬೇಡ, ನೇರವಾಗಿ ಬ್ಯಾಂಕಿಗೆ ಮುಂಗಡ ಹಾಕಿ, ಹತ್ತು ಶೇಕಡ ಬಿಡುತ್ತೇನೆ’ ಎನ್ನುವವರಿಂದ ದೂರವಿರಿ. ಹಣ ಹೋದರೆ ಇಲ್ಲಿಂದ ಕೂತು ವಾಪಸ್ ಪಡೆಯಲಾಗದು.

5. ಕಾಯ್ದಿರಿಸಿ. ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಅರ್ಜಿಯ ಜೊತೆ ವಸತಿಯ ದಾಖಲೆ ಬೇಕು. ವೀಸಾ ಕೈಗೆ ಬರುವವರೆಗೆ ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ಮಾತ್ರ ಮಾಡಿ. ರದ್ದತಿಯ ಕೊನೇ ದಿನ ವೀಸಾ ಸಿಗುವ ದಿನಕ್ಕಿಂತ ಮುಂಚೆ ಬರದಂತೆ ನೋಡಿಕೊಳ್ಳಿ. ವೀಸಾಕ್ಕೆ ಅರ್ಜಿ ಹಾಕುವ, ಮಕ್ಕಳೂ ಸೇರಿ ಎಲ್ಲರ ಹೆಸರೂ ಬುಕಿಂಗ್ ಪತ್ರದಲ್ಲಿರಲಿ.

6. ತಲುಪಿದ ದಿನ. ಅಲ್ಲಿ ಬಹಳಷ್ಟು ಮನೆಗಳಿಗೆ ಪ್ರವೇಶ ಮಧ್ಯಾಹ್ನ 3ರ ನಂತರ. ರಾತ್ರಿ ತಡವಾದರೆ ಕೆಲವರು ಹೆಚ್ಚುವರಿ ಶುಲ್ಕ ಹಾಕುತ್ತಾರೆ, ಅದೂ ಜಾಹೀರಾತಿನ ಅಡಿಯಲ್ಲೇ ಇರುತ್ತದೆ. ಮನೆಯ ಮಾಲೀಕರು ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ, ಗಾಬರಿ ಬೇಡ: ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಸಲ್ಲಿಸುವುದು ಅಲ್ಲಿನ ಕಾನೂನು. ಪ್ರವಾಸಿ ತೆರಿಗೆ ನಗದಾಗಿ ಕೊಟ್ಟರೆ ರಸೀದಿ ಪಡೆಯಿರಿ.