ಫಿಯೋರ್ಡ್ ಅನ್ನೋ ಪದದ ಬೇರು ಹುಡುಕೋದು ಹೇಗೆ

ನಾರ್ವೆಯ ಫಿಯೋರ್ಡ್, ಇಂಗ್ಲೆಂಡಿನ ಆಕ್ಸ್‌ಫರ್ಡ್, ಜರ್ಮನಿಯ ಫ್ರಾಂಕ್‌ಫರ್ಟ್, ಈ ಮೂರರ ಕೊನೇಲಿ ಇರೋದು ಒಂದೇ ಬೇರಿನ ಪದ. ಇದನ್ನ ನೀವೇ ಹಂತ ಹಂತವಾಗಿ ಕಂಡ್ಕೋಬಹುದು, ಭಾಷಾವಿಜ್ಞಾನ ಓದಿರ್ಲೇಬೇಕು ಅಂತೇನಿಲ್ಲ.

ಮೊದ್ಲು ಅರ್ಥ ಹಿಡ್ಕೊಳ್ಳಿ. ಆಕ್ಸ್‌ಫರ್ಡ್‌ನ ಕೊನೇಲಿರೋದು ಇಂಗ್ಲಿಷಿನ ಫೋರ್ಡ್, ಅಂದ್ರೆ ಹೊಳೇಲಿ ನೀರು ಕಮ್ಮಿ ಇದ್ದು ನಡ್ಕೊಂಡೇ ದಾಟೋ ಜಾಗ, ಆಕ್ಸ್‌ಫರ್ಡ್ ಅಂದ್ರೆ ಎತ್ತುಗಳು ದಾಟೋ ಜಾಗ. ಫಿಯೋರ್ಡ್ ಅಂದ್ರೆ ಬೆಟ್ಟಗಳ ಮಧ್ಯೆ ನುಗ್ಗಿರೋ ಸಮುದ್ರ, ಸೊಗ್ನೆಫಿಯೋರ್ಡ್ ಅಂತೂ 1300 ಮೀಟರ್‌ಗಿಂತ ಆಳ. ಒಂದ್ರಲ್ಲಿ ಮೊಣಕಾಲುದ್ದ ನೀರು, ಇನ್ನೊಂದ್ರಲ್ಲಿ ತಳಾನೇ ಕಾಣಲ್ಲ, ಆದ್ರೂ ಎರಡಕ್ಕೂ ಮೂಲದಲ್ಲಿರೋ ಭಾವ ದಾಟೋದು, ಹಾದುಹೋಗೋದು, ಒಂದನ್ನ ಕಾಲಲ್ಲಿ ದಾಟ್ತಾರೆ ಇನ್ನೊಂದನ್ನ ದೋಣೀಲಿ.

ಆಮೇಲೆ ಸದ್ದು ನೋಡಿ, ನನಗೆ ತುಂಬಾ ಇಷ್ಟವಾದ ಭಾಗ ಇದೇ. ಇಂಗ್ಲಿಷಿನ ಕೊನೇ ಡಕಾರ ಜರ್ಮನ್‌ನಲ್ಲಿ ಎಷ್ಟೋ ಕಡೆ ಟಕಾರ ಆಗುತ್ತೆ, ಗುಡ್‌ಗೆ ಗೂಟ್, ಬೆಡ್‌ಗೆ ಬೆಟ್, ಹಾಗೇ ಫೋರ್ಡ್‌ಗೆ ಫುರ್ಟ್. ಇನ್ನೂ ಹಿಂದಕ್ಕೆ ಹೋಗ್ಬೇಕಂದ್ರೆ ಜರ್ಮನ್ ಭಾಷಾವಿಜ್ಞಾನಿ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮ ಬಳಸಿ: ಹಳೇ ಪಕಾರ ಜರ್ಮಾನಿಕ್ ಭಾಷೆಗಳಲ್ಲಿ, ಅಂದ್ರೆ ಇಂಗ್ಲಿಷ್, ಜರ್ಮನ್, ನಾರ್ವೇಜಿಯನ್ ಇರೋ ಕುಟುಂಬದಲ್ಲಿ, ಫ ಆಗಿದೆ. ನಮ್ಗೆ ಗೊತ್ತಿರೋ ಸಂಸ್ಕೃತದ ಪಾದ ಅಲ್ಲಿ ಫುಟ್, ಪಿತೃ ಅಲ್ಲಿ ಫಾದರ್. ಲ್ಯಾಟಿನ್‌ನಲ್ಲೂ ಸಂಸ್ಕೃತದ ಹಾಗೆ ಪಕಾರ ಉಳ್ಕೊಂಡಿದೆ. ಹಾಗಾದ್ರೆ ಫಿಯೋರ್ಡ್‌ನ ನೆಂಟರನ್ನ ಲ್ಯಾಟಿನ್‌ನಲ್ಲಿ ಹುಡುಕುವಾಗ ಪಕಾರದಲ್ಲಿ ಹುಡುಕ್ಬೇಕು, ಸಿಗೋದು ಪೋರ್ಟುಸ್, ಅಂದ್ರೆ ಬಂದರು, ಇಂಗ್ಲಿಷಿನ ಪೋರ್ಟ್ ಬಂದಿದ್ದು ಅದ್ರಿಂದ್ಲೇ. ಫೆರಿ ಕೂಡ ಇದೇ ಕುಟುಂಬ.

ನಿಘಂಟಲ್ಲಿ ಪದದ ಮುಂದೆ ನಕ್ಷತ್ರದ ಗುರುತು ಇದ್ರೆ ಅದು ಎಲ್ಲೂ ಬರೆದು ಸಿಕ್ಕಿರೋ ರೂಪ ಅಲ್ಲ, ಹೋಲಿಸಿ ಕಟ್ಟಿದ್ದು ಅಂತ ತಿಳ್ಕೊಳ್ಳಿ.

ಊರಿನ ಹೆಸರಾದ್ರೆ ಈಗಿನ ಸ್ಪೆಲ್ಲಿಂಗ್ ಮಾತ್ರ ನೋಡಿ ತೀರ್ಮಾನ ಮಾಡ್ಬೇಡಿ, ಹಳೇ ದಾಖಲೆಯ ರೂಪ ನೋಡ್ಲೇಬೇಕು. ಫ್ರಾಂಕ್‌ಫರ್ಟ್ 794ರಲ್ಲೇ ಫ್ರಾಂಕೊನೊಫುರ್ಡ್, ಫ್ರಾಂಕರು ಅನ್ನೋ ಹಳೇ ಜರ್ಮಾನಿಕ್ ಜನ ದಾಟೋ ಜಾಗ ಅನ್ನೋದು ಸ್ಪಷ್ಟ. ಆದ್ರೆ ಐರ್ಲೆಂಡಿನ ವಾಟರ್‌ಫೋರ್ಡ್ ನೋಡಿ, ನೀರು, ದಾಟೋ ಜಾಗ ಅಂತ ಎಷ್ಟು ಸಲೀಸಾಗಿ ಅನ್ಸುತ್ತೆ, ಆದ್ರೆ ಅದು ನಾರ್ವೆ ಕಡೆಯಿಂದ ಹಡಗಲ್ಲಿ ಬಂದ ವೈಕಿಂಗರ ಊರು, ಅವರಿಟ್ಟ ಹೆಸರು ವೆದ್ರಫ್ಯೋರ್ಡ್, ಅಲ್ಲಿ ವಾಟರೂ ಇಲ್ಲ ಫೋರ್ಡೂ ಇಲ್ಲ, ಇರೋದು ಫಿಯೋರ್ಡ್. ಪಕ್ಕದ ವೆಕ್ಸ್‌ಫೋರ್ಡ್‌ದೂ ಅದೇ ಕತೆ.